ಮಿಯಾಟಾಗೆ ಯಾವ ಸೂಪರ್‌ಚಾರ್ಜರ್?

ಮಜ್ದಾ ಎಂಎಕ್ಸ್-5 ಮೊದಲು ಜನರ ಕಣ್ಣಿಗೆ ಬಿದ್ದದ್ದು 1989ರ ಶಿಕಾಗೊ ಆಟೋ ಶೋನಲ್ಲಿ. ಅಮೆರಿಕದಲ್ಲಿ ಅದನ್ನು ಮಿಯಾಟಾ ಎನ್ನುತ್ತಾರೆ. ಎರಡೇ ಸೀಟು, ಸುಮಾರು ಒಂದು ಟನ್ ತೂಕ, ಹಿಂದಿನ ಚಕ್ರಗಳಿಗೆ ಶಕ್ತಿ. 1994ರ ಮಾದರಿಯಲ್ಲಿ ಬಂದ 1,839 ಸಿಸಿ ಎಂಜಿನ್ ಅಮೆರಿಕದಲ್ಲಿ ಕೊಡುತ್ತಿದ್ದದ್ದು 128 ಎಚ್‌ಪಿ. ಆ ಚಾಸಿ ಇದಕ್ಕಿಂತ ಎಷ್ಟೋ ಹೆಚ್ಚು ತಾಳಿಕೊಳ್ಳುತ್ತದೆ, ಹಾಗಾಗಿ ಸೂಪರ್‌ಚಾರ್ಜರ್ (ಎಂಜಿನ್ನಿನ ಬೆಲ್ಟಿನಿಂದ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಯಂತ್ರ) ಕೂರಿಸುವವರಿಗೆ ಇಲ್ಲಿ ಎಂದೂ ಬರವಿಲ್ಲ. ಹೆಚ್ಚಿನವರು ಮೊದಲು ಕೇಳುವುದು ಎಷ್ಟು ಎಚ್‌ಪಿ ಸಿಗುತ್ತದೆ ಎಂದು. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ ಇದೆ: ಬೂಸ್ಟ್, ಎಂದರೆ ಹೊರಗಿನ ಗಾಳಿಗಿಂತ ಹೆಚ್ಚಿನ ಒತ್ತಡ, ಎಷ್ಟು ಆರ್‌ಪಿಎಂನಲ್ಲಿ (ನಿಮಿಷಕ್ಕೆ ಎಂಜಿನ್ನಿನ ಸುತ್ತು) ಬರುತ್ತದೆ, ಬರುವಾಗ ಗಾಳಿ ಎಷ್ಟು ಬಿಸಿಯಾಗಿರುತ್ತದೆ?

ಇಲ್ಲಿ ನೋಡುವ ಮೂರು ಬಗೆಗಳಲ್ಲಿ (ರೂಟ್ಸ್, ಟ್ವಿನ್ ಸ್ಕ್ರೂ, ಸೆಂಟ್ರಿಫ್ಯೂಗಲ್) ರೂಟ್ಸ್ ಎಲ್ಲಕ್ಕಿಂತ ಹಳೆಯದು. ಇಂಡಿಯಾನಾದ ಕಾನರ್ಸ್‌ವಿಲ್‌ನ ಫಿಲಾಂಡರ್ ಮತ್ತು ಫ್ರಾನ್ಸಿಸ್ ರೂಟ್ಸ್ ಸೋದರರು 1860ರಲ್ಲಿ ಪೇಟೆಂಟ್ ಪಡೆದ ಈ ಯಂತ್ರ ಕುಲುಮೆಗೆ ಗಾಳಿ ಊದುತ್ತಿತ್ತು, ಕಾರಿಗೆ ಬಂದದ್ದು ಬಹಳ ತಡವಾಗಿ. ಎರಡು ರೋಟರ್‌ಗಳು ಒಂದಕ್ಕೊಂದು ತಾಗದಂತೆ ತಿರುಗುತ್ತಾ ಗಾಳಿಯನ್ನು ಕವಚದ ಗೋಡೆಗುಂಟ ಸಾಗಿಸುತ್ತವೆ. ಒಳಗೆ ಗಾಳಿಯನ್ನು ಒತ್ತುವ ಕೆಲಸ ನಡೆಯುವುದೇ ಇಲ್ಲ. ಹೊರದಾರಿ ತೆರೆದ ಕ್ಷಣ, ಎಂಜಿನ್ನಿಗೆ ಗಾಳಿ ಹಂಚುವ ಮ್ಯಾನಿಫೋಲ್ಡಿನಲ್ಲಿ ಆಗಲೇ ಒತ್ತಡದಲ್ಲಿರುವ ಗಾಳಿ ಹಿಂದಕ್ಕೆ ನುಗ್ಗುತ್ತದೆ, ರೋಟರ್ ಅದನ್ನು ಮತ್ತೆ ಹೊರಕ್ಕೆ ತಳ್ಳಬೇಕು. ಗಾಳಿ ಅನಗತ್ಯವಾಗಿ ಬಿಸಿಯಾಗುವುದು ಇಲ್ಲೇ.

ಇದರ ಗುಣವೂ ಈ ಸರಳತೆಯಲ್ಲೇ ಇದೆ. ಈಟನ್ ಕಂಪನಿಯ ಎಂ45 ಎಂಬ ರೂಟ್ಸ್ ಯಂತ್ರ ಒಂದು ಸುತ್ತಿಗೆ ಸುಮಾರು 737 ಸಿಸಿ ಗಾಳಿ ಸಾಗಿಸುತ್ತದೆ. 1.8 ಲೀಟರ್ ಎಂಜಿನ್ ಒಂದು ಸುತ್ತಿಗೆ ಎಳೆದುಕೊಳ್ಳುವುದು ಹೆಚ್ಚೆಂದರೆ 920 ಸಿಸಿ. ಪುಲ್ಲಿಗಳ ಅಳತೆಯಿಂದ ಸೂಪರ್‌ಚಾರ್ಜರನ್ನು ಎಂಜಿನ್ನಿಗಿಂತ ಜೋರಾಗಿ ತಿರುಗಿಸಿ, ಎಂಜಿನ್ ನುಂಗುವುದಕ್ಕಿಂತ ಹೆಚ್ಚು ಗಾಳಿ ಕಳಿಸಿದರೆ ಆ ಹೆಚ್ಚುವರಿಯೇ ಬೂಸ್ಟ್. ಈ ಅನುಪಾತ 2,500 ಆರ್‌ಪಿಎಂನಲ್ಲೂ 6,500ರಲ್ಲೂ ಒಂದೇ, ಆದ್ದರಿಂದ ಆಕ್ಸಿಲರೇಟರ್ ಒತ್ತಿದ ಕೂಡಲೇ ಕಾರು ಮುಂದೆ ಹಾರುತ್ತದೆ.

ಶಾಖದ ಲೆಕ್ಕ ಕಷ್ಟವೇನಲ್ಲ. ಹೊರಗಿನ ಗಾಳಿ 30 ಡಿಗ್ರಿ, ಒತ್ತಡ ಒಂದೂವರೆ ಪಟ್ಟು ಏರಬೇಕು ಎಂದಿಟ್ಟುಕೊಳ್ಳಿ, ಅಂದರೆ ಸಮುದ್ರಮಟ್ಟದಲ್ಲಿ 0.5 ಬಾರ್ ಬೂಸ್ಟ್. ಯಾವ ನಷ್ಟವೂ ಇಲ್ಲದ ಆದರ್ಶ ಯಂತ್ರದಲ್ಲೂ ಗಾಳಿ 37 ಡಿಗ್ರಿ ಬಿಸಿಯಾಗುತ್ತದೆ. ದಕ್ಷತೆ 60% ಇದ್ದರೆ ಏರಿಕೆ 62 ಡಿಗ್ರಿ, ಹೊರಬರುವ ಗಾಳಿ 92 ಡಿಗ್ರಿ. 75% ಇದ್ದರೆ 80 ಡಿಗ್ರಿ. ಬಿಸಿ ಗಾಳಿ ಹಗುರ: 92 ಡಿಗ್ರಿಯಲ್ಲಿ ಒತ್ತಡ 50% ಏರಿದರೂ ಸಾಂದ್ರತೆ ಏರುವುದು ಸುಮಾರು 25% ಮಾತ್ರ. ಅದನ್ನೇ ಇಂಟರ್‌ಕೂಲರಿನಲ್ಲಿ 45 ಡಿಗ್ರಿಗೆ ಇಳಿಸಿದರೆ, ಒತ್ತಡ ಅಷ್ಟೇ ಉಳಿದರೆ, ಏರಿಕೆ 43%ರ ಹತ್ತಿರ. ಹಾಗಾಗಿ ಇಂಟರ್‌ಕೂಲರ್ ಇಲ್ಲದ ರೂಟ್ಸ್ ಕಿಟ್ಟಿಗೆ ಸಣ್ಣ ಪುಲ್ಲಿ ಹಾಕಿ ಬೂಸ್ಟ್ ಏರಿಸುವುದು ದುಡ್ಡು ಕೊಟ್ಟು ಶಾಖ ಕೊಂಡಂತೆ. ಮೊದಲು ಇಂಟರ್‌ಕೂಲರ್, ಆಮೇಲೆ ಪುಲ್ಲಿ.

ಈಟನ್ ನಂತರ ತಂದ ಟಿವಿಎಸ್ (ಟ್ವಿನ್ ವಾರ್ಟೆಕ್ಸ್ ಸೀರೀಸ್) ಸರಣಿ ರೂಟ್ಸ್‌ನ ಈ ಬಿಸಿಯಾಗುವ ದೋಷವನ್ನು ಬಹಳಷ್ಟು ತಗ್ಗಿಸಿದೆ. ಹಳೆಯ ಎಂ ಸರಣಿಯ ರೋಟರಿಗೆ ಮೂರು ಹಾಲೆ (ಉಬ್ಬಿದ ರೆಕ್ಕೆ), 60 ಡಿಗ್ರಿ ತಿರುಚು. ಟಿವಿಎಸ್‌ಗೆ ನಾಲ್ಕು ಹಾಲೆ, 160 ಡಿಗ್ರಿ. ಹೊಸದು ಕೊಳ್ಳುವವರು ಎಂ ಸರಣಿಯ ಕಡೆ ನೋಡುವ ಅಗತ್ಯವಿಲ್ಲ.

ಟ್ವಿನ್ ಸ್ಕ್ರೂ ಬಗೆಯನ್ನು 1930ರ ದಶಕದಲ್ಲಿ ರೂಪಿಸಿದ್ದು ಸ್ವೀಡನ್ನಿನ ಆಲ್ಫ್ ಲಿಶೋಲ್ಮ್. ಇದರಲ್ಲಿ ಗಾಳಿ ಎರಡು ತಿರುಪುಗಳ ನಡುವೆ ಸಾಗುತ್ತಲೇ ಒತ್ತಿಕೊಳ್ಳುತ್ತದೆ, ಹಾಗಾಗಿ ಹೆಚ್ಚು ಬೂಸ್ಟಿನಲ್ಲಿ ರೂಟ್ಸ್‌ಗಿಂತ ತಂಪು. ಮಜ್ದಾ ತಾನೇ 1993ರ ಯೂನೊಸ್ 800 ಕಾರಿನ ಮಿಲ್ಲರ್ ಸೈಕಲ್ (ಗಾಳಿ ಒಳಬಿಡುವ ವಾಲ್ವ್ ತಡವಾಗಿ ಮುಚ್ಚುವ) ಎಂಜಿನ್ನಿಗೆ ಇದನ್ನು ಬಳಸಿತ್ತು. ಆದರೆ ಬೂಸ್ಟ್ ಬೇಡದಾಗಲೂ, ಗಾಳಿಯನ್ನು ಮರಳಿ ಬಿಡುವ ಬೈಪಾಸ್ ವಾಲ್ವ್ ತೆರೆದಿದ್ದರೂ, ಒಳಗಿನ ಒತ್ತುವಿಕೆ ನಿಲ್ಲುವುದಿಲ್ಲ. ಊರೊಳಗೆ ನಿಧಾನವಾಗಿ ಓಡಿಸುವಾಗಲೂ ಅದರ ಬೆಲೆ ತೆರಬೇಕು. ರೋಟರ್‌ಗಳ ತಯಾರಿಕೆಯೂ ದುಬಾರಿ. 0.5 ಬಾರ್ ಸಾಕೆನ್ನುವ ಮಿಯಾಟಾಗೆ ಇದು ಬೇಕಿಲ್ಲ. 1 ಬಾರ್ ಹತ್ತಿರ ಹೋಗುವವರು ಮಾತ್ರ ಯೋಚಿಸಲಿ.

ಸೆಂಟ್ರಿಫ್ಯೂಗಲ್ ಬಗೆಯ ಸ್ವಭಾವವೇ ಬೇರೆ. ಟರ್ಬೊದಲ್ಲಿರುವಂಥದ್ದೇ ಇಂಪೆಲ್ಲರ್ (ಗಾಳಿಯನ್ನು ಹೊರಕ್ಕೆ ಚಿಮ್ಮಿಸುವ ಚಕ್ರ), ತಿರುಗಿಸುವುದು ಬೆಲ್ಟ್. ಬೂಸ್ಟ್ ಹೆಚ್ಚುಕಡಿಮೆ ವೇಗದ ವರ್ಗಕ್ಕೆ ಅನುಗುಣ: 7,000 ಆರ್‌ಪಿಎಂನಲ್ಲಿ 0.7 ಬಾರ್ ಕೊಡುವುದು 3,500ರಲ್ಲಿ ಕೊಡುವುದು 0.18 ಬಾರ್ ಅಷ್ಟೇ. ಕೆಳಗೆ ಕಾರು ಮೂಲ ಎಂಜಿನ್ನಿನಂತೆಯೇ ಇರುತ್ತದೆ, 5,000 ದಾಟಿದ ಮೇಲೆ ಬದಲಾಗುತ್ತದೆ. ಡೆನ್ಮಾರ್ಕಿನ ರೋಟ್ರೆಕ್ಸ್ ಸಿ30ರ ಒಳಗೆ ಹಲ್ಲಿನ ಗಿಯರ್ ಇಲ್ಲ. ನುಣುಪಾದ ರೋಲರ್‌ಗಳ ನಡುವಿನ ಎಣ್ಣೆಯ ಪದರವೇ ಶಕ್ತಿ ಸಾಗಿಸಿ ವೇಗವನ್ನು 9.49 ಪಟ್ಟು ಮಾಡುತ್ತದೆ. ಆದ್ದರಿಂದ ಅದರದೇ ಟ್ರಾಕ್ಷನ್ ಆಯಿಲ್ ಹಾಕಲೇಬೇಕು. ಎಂಜಿನ್ ಆಯಿಲ್ ಸುರಿದರೆ ರೋಲರ್ ಜಾರಿ ಯೂನಿಟ್ಟೇ ಹಾಳು.

ಪುಲ್ಲಿ ಆರಿಸುವಾಗ ಈ ಲೆಕ್ಕ ತಪ್ಪಬಾರದು. ಕ್ರ್ಯಾಂಕ್ ಪುಲ್ಲಿ 140 ಮಿ.ಮೀ., ಸೂಪರ್‌ಚಾರ್ಜರ್ ಪುಲ್ಲಿ 95 ಮಿ.ಮೀ. ಇದ್ದರೆ 7,000 ಆರ್‌ಪಿಎಂನಲ್ಲಿ ಇಂಪೆಲ್ಲರ್ ವೇಗ ಸುಮಾರು 97,900. ಸಿ30ರ ಮಿತಿ 1,00,000. ಅಲ್ಲಿ 90 ಮಿ.ಮೀ. ಪುಲ್ಲಿ ಹಾಕಿದರೆ 1,03,000 ದಾಟಿತು. ಐದನೇ ಗಿಯರ್ ಎಂದುಕೊಂಡು ಮೂರಕ್ಕೆ ಎಳೆದವರಿಗೆ, ಎಂಜಿನ್ ವೇಗ ಮಿತಿ ಮೀರದಂತೆ ತಡೆಯುವ ರೆವ್ ಲಿಮಿಟರ್ ಕೂಡ ಸಹಾಯಕ್ಕೆ ಬರುವುದಿಲ್ಲ, ಚಕ್ರಗಳೇ ಎಂಜಿನ್ ತಿರುಗಿಸುತ್ತಿರುತ್ತವೆ. ಸ್ವಲ್ಪ ದೊಡ್ಡ ಪುಲ್ಲಿಯೇ ಜಾಣತನ.

ಈಗ ರಾಡಿನ ವಿಷಯ. ಈ 1.8 ಎಂಜಿನ್ನಿನ ಮೂಲ ಕನೆಕ್ಟಿಂಗ್ ರಾಡ್‌ಗಳು (ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಸರಳುಗಳು) ಚಕ್ರದ ಬಳಿ ಅಳೆದ 230-250 ಎಚ್‌ಪಿ ಆಸುಪಾಸಿನಲ್ಲಿ ಬಾಗತೊಡಗುತ್ತವೆ. ಅವುಗಳನ್ನು ಬಾಗಿಸುವುದು ಮಧ್ಯದ ಆರ್‌ಪಿಎಂನಲ್ಲಿ ಸಿಲಿಂಡರಿನೊಳಗೆ ಏರುವ ಒತ್ತಡ, ಎಂದರೆ ಟಾರ್ಕ್ (ತಿರುಗಿಸುವ ಬಲ). 7,000 ಆರ್‌ಪಿಎಂನಲ್ಲಿ 230 ಎಚ್‌ಪಿ ಎಂದರೆ 234 ನ್ಯೂಟನ್ ಮೀಟರ್. ಸೆಂಟ್ರಿಫ್ಯೂಗಲ್‌ನಲ್ಲಿ ಅಷ್ಟು ಟಾರ್ಕ್ ಬರುವುದು ತುದಿಯಲ್ಲಿ ಮಾತ್ರ. ಅದೇ ತುದಿಯ ಶಕ್ತಿಗೆ ಹೊಂದಿಸಿದ ರೂಟ್ಸ್ 3,000ದಿಂದಲೇ ರಾಡನ್ನು ದಂಡಿಸುತ್ತದೆ. ಬಿಚ್ಚದ ಎಂಜಿನ್, ಟ್ರ್ಯಾಕಿನಲ್ಲಿ ಓಟ, ಹೆಚ್ಚು ಶಕ್ತಿಯ ಆಸೆ ಇದ್ದವರು ಸೆಂಟ್ರಿಫ್ಯೂಗಲ್ ಆರಿಸಲಿ. ಘಾಟಿ ರಸ್ತೆಯಲ್ಲಿ ತಿರುವಿನಿಂದ ತಿರುವಿಗೆ ಓಡಿಸುವವರಿಗೆ 170-180 ಎಚ್‌ಪಿಯ ರೂಟ್ಸ್ ಕೊಡುವ ಸುಖ ಬೇರೆಯದರಲ್ಲಿ ಇಲ್ಲ.

ಯಾವುದನ್ನೇ ಹಾಕಿ, ಇಂಧನ ಸಾಲದಿದ್ದರೆ ಪಿಸ್ಟನ್ ಉಳಿಯದು. ಪ್ರತಿ ಎಚ್‌ಪಿಗೆ ಗಂಟೆಗೆ 250 ಗ್ರಾಂ ಪೆಟ್ರೋಲ್ ಲೆಕ್ಕದಲ್ಲಿ 200 ಎಚ್‌ಪಿಗೆ 50 ಕಿಲೊ. ನಾಲ್ಕು ಇಂಜೆಕ್ಟರ್‌ಗಳಿಗೆ ಹಂಚಿ, 85% ಮೀರಿ ದುಡಿಸದಂತೆ ನೋಡಿದರೆ ಒಂದೊಂದೂ ನಿಮಿಷಕ್ಕೆ 330 ಸಿಸಿ ಕೊಡಬೇಕು. ಬೂಸ್ಟಿನಲ್ಲಿ ಗಾಳಿ-ಇಂಧನ ಅನುಪಾತ 11.5ರಿಂದ 12ರೊಳಗೆ ಇರಲಿ. ಸ್ಪಾರ್ಕ್ ಪ್ಲಗ್ ಒಂದು ಹಂತ ತಣ್ಣನೆಯದು, ಗ್ಯಾಪ್ 0.8 ಮಿ.ಮೀ. ಇರಲಿ. ಅದಕ್ಕಿಂತ ಅಗಲ ಬಿಟ್ಟರೆ ಬೂಸ್ಟಿನಲ್ಲಿ ಕಿಡಿ ಆರಿ ಎಂಜಿನ್ ಮುಗ್ಗರಿಸುತ್ತದೆ. ಟ್ಯೂನಿಂಗ್ ಎಲ್ಲಿ ಮಾಡಿದ್ದು ಎಂಬುದೂ ಮುಖ್ಯ. ಬೆಂಗಳೂರಿನ ಎತ್ತರದಲ್ಲಿ ಗಾಳಿಯ ಒತ್ತಡ ಸುಮಾರು 0.91 ಬಾರ್, ಅದೇ ಒಂದೂವರೆ ಪಟ್ಟು ಅಲ್ಲಿ ಕೊಡುವುದು 0.45 ಬಾರ್ ಬೂಸ್ಟ್. ಹಾಗೆ ಎತ್ತರದಲ್ಲಿ ಅಂಚಿಗೆ ಟ್ಯೂನ್ ಮಾಡಿದ ಕಾರು ಕರಾವಳಿಗೆ ಇಳಿದಾಗ ನಾಕಿಂಗ್ (ಇಂಧನ ಹೊತ್ತಲ್ಲದ ಹೊತ್ತಿನಲ್ಲಿ ತಾನಾಗಿ ಸಿಡಿಯುವುದು) ಶುರುವಾಗಬಹುದು.

ಹಳೆಯ ಮಿನಿ ಕೂಪರ್ ಎಸ್‌ನಿಂದ ಬಿಚ್ಚಿದ ಎಂ45 ಸಿಕ್ಕರೆ ಅಗ್ಗ. ಮಿನಿಯಲ್ಲಿ ವಾಟರ್ ಪಂಪ್ ತಿರುಗುವುದೂ ಇದರ ಹಿಂಬದಿಯ ಗಿಯರಿನಿಂದಲೇ, ಅಲ್ಲಿನ ಎಣ್ಣೆ ಒಣಗಿ ಹಲ್ಲು ಸವೆದಿರುವುದು ಸಾಮಾನ್ಯ. ಎರಡೂ ಕಡೆಯ ಎಣ್ಣೆ ಇಳಿಸಿ ನೋಡಿ, ಲೋಹದ ಪುಡಿ ಕಂಡರೆ ಬಿಟ್ಟುಬಿಡಿ. ಐಡ್ಲಿಂಗ್‌ನಲ್ಲಿ ಮಾತ್ರ ಕಟಕಟ ಎಂದರೆ ಮೂತಿಯೊಳಗಿನ ಕಪ್ಲರ್ (ಪುಲ್ಲಿಯನ್ನು ರೋಟರಿಗೆ ಜೋಡಿಸುವ ತುಂಡು) ಸವೆದಿದೆ, ಅದು ಸಣ್ಣ ಖರ್ಚು. ಕೂರಿಸಿದ ಮೇಲೆ ಬೂಸ್ಟ್ ಗೇಜನ್ನು ರೆಡ್‌ಲೈನ್ ತನಕ ಗಮನಿಸಿ. 6,000ದ ಆಚೆ ಮುಳ್ಳು ಇಳಿದು, ಪುಲ್ಲಿಯ ಸುತ್ತ ಕಪ್ಪು ಪುಡಿ ಕಂಡರೆ ಬೆಲ್ಟ್ ಜಾರುತ್ತಿದೆ. ಬಿಗಿ ಮಾಡುತ್ತಾ ಹೋದರೆ ಬೇರಿಂಗ್ ಹೋಗುತ್ತದೆ. ಒಂದು ಐಡ್ಲರ್ (ಬೆಲ್ಟಿನ ದಾರಿ ತಿರುಗಿಸುವ ಸಹಾಯಕ ಪುಲ್ಲಿ) ಸೇರಿಸಿ ಬೆಲ್ಟ್ ಪುಲ್ಲಿಯನ್ನು ಹೆಚ್ಚು ಸುತ್ತಿಕೊಳ್ಳುವಂತೆ ಮಾಡಿ.