‘ಶೇಮ್ ಶೇಮ್’ನಿಂದ ಪೋಕ್ಸೊವರೆಗೆ: ಶಾಲೆಗೆ ಸುರಕ್ಷತೆಯ ಪಾಠ ಬಂದ ದಾರಿ

ಅಂಗನವಾಡಿಯ ಗೋಡೆ ಮೇಲೆ ‘ನಮ್ಮ ದೇಹದ ಭಾಗಗಳು’ ಅನ್ನೋ ಚಾರ್ಟ್ ನೋಡಿರುತ್ತೀರಿ. ಕಣ್ಣು, ಮೂಗು, ಕುತ್ತಿಗೆ, ಕೈ, ಹೊಟ್ಟೆ. ಹೊಟ್ಟೆ ಆದಮೇಲೆ ಸೀದಾ ಮಂಡಿ. ನಡುವಿನ ಜಾಗಕ್ಕೆ ಹೆಸರಿಲ್ಲ. ಮನೆಯಲ್ಲಿ ಅದನ್ನು ‘ಶೇಮ್ ಶೇಮ್’ ಅಂತೀವಿ. ಆ ಜಾಗದಲ್ಲಿ ಯಾರೋ ನೋಯಿಸಿದರೆ ಮಗು ಏನಂತ ಹೇಳಬೇಕು? ಎಷ್ಟೋ ಮಕ್ಕಳು ಹೊಟ್ಟೆನೋವು ಅನ್ನುತ್ತಾರೆ. ಸ್ಕೂಲಿಗೆ ಹೋಗಲ್ಲ ಅಂತ ಅಳುತ್ತಾರೆ. ನಾವು ಗದರಿಸಿ ಕಳಿಸುತ್ತೇವೆ.

ಶಾಲೆಯಲ್ಲಿ ದೌರ್ಜನ್ಯ ನಡೆದ ಸುದ್ದಿ ಬಂದಾಗಲೆಲ್ಲ ಸಿಸಿಟಿವಿ, ಪೋಕ್ಸೊ (ಲೈಂಗಿಕ ದೌರ್ಜನ್ಯದಿಂದ ಮಕ್ಕಳನ್ನು ರಕ್ಷಿಸುವ ಕಾಯ್ದೆ), ಲೈಂಗಿಕ ಶಿಕ್ಷಣ, ಗುಡ್ ಟಚ್ ಬ್ಯಾಡ್ ಟಚ್ ಎಲ್ಲ ಒಟ್ಟಿಗೇ ಚರ್ಚೆಗೆ ಬಂದು ಕಲಸಿಹೋಗುತ್ತವೆ. ಯಾವುದು ಯಾವಾಗ ಬಂತು, ಎಲ್ಲಿ ನಿಂತಿತು ಅಂತ ಬಿಡಿಸಿ ನೋಡುವುದು ಒಳ್ಳೆಯದು.

2012ರವರೆಗೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯಕ್ಕೇ ಅಂತ ದೇಶಕ್ಕೆಲ್ಲ ಅನ್ವಯಿಸುವ ಕಾನೂನು ಇರಲಿಲ್ಲ. 1860ರ ದಂಡ ಸಂಹಿತೆಯನ್ನೇ ಮಕ್ಕಳಿಗೂ ಹೊಂದಿಸಿಕೊಳ್ಳುತ್ತಿದ್ದರು. ಗೋವಾ ಮಾತ್ರ 2003ರಲ್ಲಿ ತನ್ನದೇ ಮಕ್ಕಳ ಕಾಯ್ದೆ ತಂದಿತ್ತು. ಬೆಂಗಳೂರಿನಲ್ಲಿ 2001ರಲ್ಲಿ ಇಬ್ಬರು ವೈದ್ಯೆಯರು, ಡಾ. ಸಂಗೀತಾ ಸಕ್ಸೇನಾ ಮತ್ತು ಡಾ. ಶೈಬ್ಯಾ ಸಲ್ಡಾನಾ, ಎನ್‌ಫೋಲ್ಡ್ ಸಂಸ್ಥೆ ಕಟ್ಟಿ, ದೇಹದ ಬಗ್ಗೆ ಮಕ್ಕಳ ಜೊತೆ ನೇರವಾಗಿ ಮಾತಾಡಲು ಶಾಲೆಗಳಿಗೆ ಹೋಗತೊಡಗಿದರು.

ನಂತರ 2007. ಆ ಒಂದೇ ವರ್ಷ ಎರಡು ವಿಷಯ ನಡೆದವು. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 13 ರಾಜ್ಯಗಳಲ್ಲಿ ನಡೆಸಿದ ಅಧ್ಯಯನವನ್ನು ಪ್ರಕಟಿಸಿತು. ಶೇ. 53.22ರಷ್ಟು ಮಕ್ಕಳು ಒಂದಲ್ಲ ಒಂದು ರೀತಿಯ ಲೈಂಗಿಕ ದೌರ್ಜನ್ಯ ಆಗಿದೆ ಅಂದಿದ್ದರು. ಅವರಲ್ಲಿ ಅರ್ಧಕ್ಕಿಂತ ಜಾಸ್ತಿ ಗಂಡುಮಕ್ಕಳು. ದೌರ್ಜನ್ಯ ಮಾಡಿದವರಲ್ಲಿ ಸುಮಾರು ಅರ್ಧದಷ್ಟು ಜನ ಮಗುವಿಗೆ ಗೊತ್ತಿದ್ದವರು, ಮಗು ನಂಬಿದ್ದವರು. ಅದೇ ವರ್ಷ ಕರ್ನಾಟಕವೂ ಸೇರಿ ಹಲವು ರಾಜ್ಯಗಳು ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು ಶಾಲೆಯಿಂದ ಹೊರಗಿಟ್ಟವು. ಪಾಠದ ಚಿತ್ರಗಳು ನಮ್ಮ ಸಂಸ್ಕೃತಿಗೆ ಒಗ್ಗುವುದಿಲ್ಲ ಅನ್ನೋದು ಆಕ್ಷೇಪ. 2009ರಲ್ಲಿ ರಾಜ್ಯಸಭೆಯ ಅರ್ಜಿಗಳ ಸಮಿತಿಯೂ ಶಾಲೆಯಲ್ಲಿ ಲೈಂಗಿಕ ಶಿಕ್ಷಣ ಬೇಡ ಅಂದಿತು. ಚಿತ್ರ ಸರಿಯಿಲ್ಲದಿದ್ದರೆ ತಿದ್ದಬಹುದಿತ್ತು, ಅಲ್ವಾ? ಪಾಠವೇ ನಿಂತುಹೋಯಿತು.

ಪಾಠಕ್ಕಿಂತ ಮೊದಲು ಕಾನೂನು ಬಂತು. 2012ರ ನವೆಂಬರ್ 14ರಂದು, ಮಕ್ಕಳ ದಿನದಂದೇ, ಪೋಕ್ಸೊ ಕಾಯ್ದೆ ಜಾರಿಯಾಯಿತು. 18 ವರ್ಷದೊಳಗಿನ ಎಲ್ಲರಿಗೂ, ಹುಡುಗ ಹುಡುಗಿ ಅನ್ನದೆ, ಅದು ಅನ್ವಯ. ಶಾಲೆಗೆ ಮುಖ್ಯವಾದದ್ದು ಅದರ 19ನೇ ಸೆಕ್ಷನ್. ವಿಷಯ ಗೊತ್ತಾದವರು ಯಾರೇ ಆಗಿರಲಿ, ಪೊಲೀಸರಿಗೆ ಅಥವಾ ಮಕ್ಕಳ ವಿಶೇಷ ಪೊಲೀಸ್ ಘಟಕಕ್ಕೆ ತಿಳಿಸಲೇಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲು. ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ಟರೆ ಒಂದು ವರ್ಷದವರೆಗೆ.

ಈ ಸೆಕ್ಷನ್ ಇದೆ ಅಂತ ಬಹಳ ಜನರಿಗೆ ಗೊತ್ತಾಗಿದ್ದು 2014ರ ಜುಲೈನಲ್ಲಿ. ಬೆಂಗಳೂರಿನ ಖಾಸಗಿ ಶಾಲೆಯೊಂದರಲ್ಲಿ ಆರು ವರ್ಷದ ಮಗುವಿನ ಮೇಲೆ ದೌರ್ಜನ್ಯ ನಡೆದ ಸುದ್ದಿ ಹೊರಬಂತು. ಸಾವಿರಾರು ಪೋಷಕರು ಬೀದಿಗಿಳಿದರು. ಶಾಲೆಗಳಿಗೆ ಮಾರ್ಗಸೂಚಿಗಳು ಬಂದವು: ಕ್ಯಾಮೆರಾ ಹಾಕಿ, ಸಿಬ್ಬಂದಿಯ ಹಿನ್ನೆಲೆ ಪರಿಶೀಲಿಸಿ. ಇವೆಲ್ಲ ಬೇಕಾದವೇ. ಆದರೆ ಆವತ್ತಿನ ಗಮನವೆಲ್ಲ ಶಾಲೆಯ ಗೇಟಿನೊಳಗೆ ನಡೆಯುವುದರ ಮೇಲಿತ್ತು. ಪೋಕ್ಸೊ ಪ್ರಕರಣಗಳಲ್ಲಿ 100ಕ್ಕೆ 90ಕ್ಕೂ ಹೆಚ್ಚು ಆರೋಪಿಗಳು ಮಗುವಿಗೆ ಪರಿಚಿತರು ಅಂತ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ವರ್ಷ ವರ್ಷವೂ ಹೇಳುತ್ತಿದೆ. ಪಕ್ಕದ ಮನೆಯವರು, ನೆಂಟರು, ವ್ಯಾನ್ ಅಂಕಲ್, ಟ್ಯೂಷನ್ ಸರ್. ಮಗುವಿನ ಮನೆಯಲ್ಲಿ ನಡೆಯುವುದನ್ನು ಶಾಲೆಯ ಕ್ಯಾಮೆರಾ ಕಾಣುವುದಿಲ್ಲ. ಟೀಚರ್ ಕಾಣಬಲ್ಲರು. ನಿನ್ನೆವರೆಗೆ ಚೆನ್ನಾಗಿ ಬರೆಯುತ್ತಿದ್ದ ಹುಡುಗ ಇದ್ದಕ್ಕಿದ್ದಂತೆ ಮಂಕಾದರೆ, ಹುಡುಗಿ ಮನೆಗೆ ಹೋಗಲು ಹೆದರಿದರೆ ಮೊದಲು ಕಾಣುವುದು ಅವರಿಗೇ.

ಗುಡ್ ಟಚ್ ಬ್ಯಾಡ್ ಟಚ್ ಎಲ್ಲ ಕಡೆ ಹರಡಿದ್ದೂ ಈ ವರ್ಷಗಳಲ್ಲೇ. ಒಳ್ಳೆಯ ಉದ್ದೇಶದ ಪಾಠ. ಹೇಳಿಕೊಡುತ್ತಾ ಹೋದಂತೆ ಒಂದು ತೊಡಕು ಕಂಡಿತು. ದೌರ್ಜನ್ಯ ಶುರುವಾಗುವುದು ಎಷ್ಟೋ ಸಲ ಚಾಕೊಲೇಟಿನಿಂದ, ಮುದ್ದಿನಿಂದ, ‘ಇದು ನಮ್ಮಿಬ್ಬರ ಗುಟ್ಟು’ ಅನ್ನೋ ಮಾತಿನಿಂದ. ಮಗುವಿಗೆ ಅದು ಕೆಟ್ಟದು ಅನ್ನಿಸದೇ ಇರಬಹುದು. ಅನ್ನಿಸಿದರೆ ಇನ್ನೂ ಕಷ್ಟ: ಬ್ಯಾಡ್ ಟಚ್ ಆಯಿತು, ಅಂದರೆ ನಾನೇ ಬ್ಯಾಡ್ ಅಂದುಕೊಳ್ಳುತ್ತದೆ. ಅದಕ್ಕೇ ಈಗ ತಿಳಿದವರು ಸುರಕ್ಷಿತ, ಅಸುರಕ್ಷಿತ ಸ್ಪರ್ಶ ಅನ್ನುತ್ತಾರೆ. ಭಾಗಗಳ ಸರಿಯಾದ ಹೆಸರು ಕಲಿಸುತ್ತಾರೆ. ಗುಟ್ಟು ಇಟ್ಟುಕೋ ಅಂತ ದೊಡ್ಡವರು ಹೇಳಿದರೆ ಬಂದು ಹೇಳು, ಒಬ್ಬರು ನಂಬದಿದ್ದರೆ ಇನ್ನೊಬ್ಬರಿಗೆ ಹೇಳು, ತಪ್ಪು ನಿನ್ನದಲ್ಲ ಅಂತ ಮತ್ತೆ ಮತ್ತೆ ಹೇಳುತ್ತಾರೆ. ವರ್ಷಕ್ಕೊಂದು ದಿನ ಹಾಲ್‌ನಲ್ಲಿ ಕೂರಿಸಿ ವಿಡಿಯೊ ತೋರಿಸಿದರೆ ಇದು ತಲೆಗೆ ಇಳಿಯುವುದಿಲ್ಲ. ಮಗ್ಗಿಯಂತೆ ಮತ್ತೆ ಮತ್ತೆ ಬರಬೇಕು.

ಮಗು ಬಾಯಿಬಿಟ್ಟ ಮೇಲೆ ಏನಾಗುತ್ತದೆ ಅನ್ನೋದೇ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು. ಟೀಚರ್ ಹೆಡ್ ಮಾಸ್ಟರಿಗೆ ಹೇಳುತ್ತಾರೆ. ಅವರು ಮಗುವನ್ನು ಕರೆಸಿ ಇನ್ನೊಮ್ಮೆ ಕೇಳುತ್ತಾರೆ. ಆಡಳಿತ ಮಂಡಳಿಯವರು ಮತ್ತೊಮ್ಮೆ. ‘ನಿಜ ಹೇಳು’ ಅಂತಾರೆ. ನಾಲ್ಕನೇ ಸಲಕ್ಕೆ ಮಗು ‘ಏನೂ ಆಗಿಲ್ಲ’ ಅಂದುಬಿಡುತ್ತದೆ. ಶಾಲೆಯ ಮರ್ಯಾದೆ, ಹುಡುಗಿಯ ಭವಿಷ್ಯ ಅನ್ನೋ ಮಾತು ಬರುತ್ತದೆ. ಟಿಸಿ ತೆಗೆದುಕೊಂಡು ಹೋಗಿ ಅನ್ನುವಲ್ಲಿಗೆ ಮುಗಿಯುತ್ತದೆ. ಕಾನೂನು ಕೇಳುವುದು ಇದನ್ನಲ್ಲ. ತನಿಖೆ ಶಾಲೆಯ ಕೆಲಸವೇ ಅಲ್ಲ. ಮಗು ಹೇಳಿದ್ದನ್ನು ಸಮಾಧಾನವಾಗಿ ಕೇಳಿ, ಅದರದ್ದೇ ಮಾತಲ್ಲಿ ಬರೆದಿಟ್ಟು ತಿಳಿಸಿದರೆ ಸಾಕು. ಪೊಲೀಸರು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ವರದಿ ಮಾಡಬೇಕು. ಹೇಳಿಕೆ ಪಡೆಯುವಾಗ ಯೂನಿಫಾರ್ಮ್ ಹಾಕುವಂತಿಲ್ಲ. ಒಳ್ಳೆಯ ಉದ್ದೇಶದಿಂದ ಮಾಹಿತಿ ಕೊಟ್ಟವರ ಮೇಲೆ ಕೇಸು ಹಾಕಲಾಗದು ಅಂತಲೂ ಕಾಯ್ದೆಯಲ್ಲೇ ಇದೆ. ‘ಸುಮ್ನೆ ನಮಗ್ಯಾಕೆ ಕೋರ್ಟು ಕಚೇರಿ’ ಅಂತ ಹಿಂಜರಿಯುವ ಶಿಕ್ಷಕರಿಗೆ ಈ ಒಂದು ಸಾಲು ಎಷ್ಟು ಧೈರ್ಯ ಕೊಡುತ್ತಿತ್ತು! ಅದನ್ನು ಪ್ರತಿ ಸ್ಟಾಫ್ ರೂಮಿನಲ್ಲಿ, ಮಕ್ಕಳ ಸಹಾಯವಾಣಿ 1098ರ ಪಕ್ಕದಲ್ಲೇ ಬರೆದು ಅಂಟಿಸಬೇಕು.

2020ರ ಪೋಕ್ಸೊ ನಿಯಮಗಳು ಮೊದಲ ಬಾರಿಗೆ ಪಾಠವನ್ನು ಕಾನೂನಿನ ಒಳಗೆ ತಂದವು. ಮಕ್ಕಳ ವಯಸ್ಸಿಗೆ ತಕ್ಕ ಪಠ್ಯ, ಸಿಬ್ಬಂದಿಗೆ ಕಾಲಕಾಲಕ್ಕೆ ತರಬೇತಿ, ಪ್ರತಿ ಸಂಸ್ಥೆಗೂ ಮಕ್ಕಳ ರಕ್ಷಣಾ ನೀತಿ ಬೇಕು ಅಂದವು. 2022ರ ನವೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠ ಇನ್ನೊಂದು ಮಗ್ಗುಲು ತೋರಿಸಿತು. ಹದಿಹರೆಯದವರು ಪ್ರೀತಿ ಅಂದುಕೊಂಡು ಮಾಡಿದ್ದು ಪೋಕ್ಸೊ ಅಪರಾಧ ಆಗಬಹುದು ಅನ್ನೋದೇ ಅವರಿಗೆ ಗೊತ್ತಿರುವುದಿಲ್ಲ. ಹಾಗಾಗಿ 9ನೇ ತರಗತಿಯಿಂದ ಈ ಕಾಯ್ದೆ ಬಗ್ಗೆ ತಿಳಿಸಲು ಪಠ್ಯ ಸಿದ್ಧಪಡಿಸಿ ಅಂತ ಶಿಕ್ಷಣ ಇಲಾಖೆಗೆ ಹೇಳಿತು.

2025ರಲ್ಲಿ ರಾಜ್ಯ ಸರ್ಕಾರ 8ರಿಂದ 12ನೇ ತರಗತಿಯವರಿಗೆ ಲೈಂಗಿಕ ಶಿಕ್ಷಣ ಕೊಡುವುದಾಗಿ ಪ್ರಕಟಿಸಿತು. 2007ರಲ್ಲಿ ಮುಚ್ಚಿದ ಬಾಗಿಲು ಇದು, ತೆರೆಯಲು 18 ವರ್ಷ ಬೇಕಾಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್, 9ನೇ ತರಗತಿವರೆಗೆ ಕಾಯಬೇಡಿ, ಇನ್ನೂ ಚಿಕ್ಕ ವಯಸ್ಸಿನಲ್ಲೇ ಶುರುಮಾಡಿ ಎಂದಿತು. 8ನೇ ತರಗತಿಗೆ ಬರುವಾಗ ಮಗುವಿಗೆ 13 ವರ್ಷ ಆಗಿರುತ್ತದೆ. 2014ರಲ್ಲಿ ನಾವು ಯಾರಿಗಾಗಿ ಬೀದಿಗಿಳಿದೆವೋ ಆ ಮಗುವಿಗೆ ಆಗಿದ್ದು 6 ವರ್ಷ.