ಕೂಸಿನ ಮನೆಯ ಬಾಗಿಲು ತಟ್ಟುವವರು ಯಾರು?

ಬೆಂಗಳೂರಿನ ಯಾವುದೇ ಬಡಾವಣೆಯಲ್ಲಿ 30×40 ಸೈಟಿನ ಮನೆಯೊಂದರ ನೆಲಮಹಡಿಗೆ ಬಣ್ಣ ಬಳಿದು, ಗೇಟಿಗೊಂದು ಆನೆಮರಿಯ ಚಿತ್ರ ತೂಗುಹಾಕಿದರೆ ಡೇಕೇರ್ ಶುರುವಾಯಿತು. ಗೋಡೆಯ ಮೇಲೆ ಚೌಕಟ್ಟು ಹಾಕಿಸಿದ ಕಾಗದಗಳೂ ಇರುತ್ತವೆ. ಪಾಲಿಕೆಯ ಟ್ರೇಡ್ ಲೈಸೆನ್ಸ್, ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿ ಕಾರ್ಮಿಕ ಇಲಾಖೆ ಕೊಟ್ಟ ನೋಂದಣಿ, ಊಟ ಕೊಡುವುದಿದ್ದರೆ ಎಫ್‌ಎಸ್‌ಎಸ್‌ಎಐ ನೋಂದಣಿ. ಮೊದಲನೆಯದು ವ್ಯಾಪಾರಕ್ಕೆ, ಎರಡನೆಯದು ಅಲ್ಲಿ ದುಡಿಯುವವರ ರಜೆ, ಕೆಲಸದ ಹೊತ್ತಿಗೆ, ಮೂರನೆಯದು ಅಡುಗೆಮನೆಗೆ. ಎಂಟು ತಿಂಗಳ ಕೂಸುಗಳು ಎಷ್ಟಿರಬಹುದು, ಅವನ್ನು ಎತ್ತಿಕೊಳ್ಳಲು ಕೈಗಳು ಎಷ್ಟಿರಬೇಕು ಎಂದು ಈ ಮೂರರಲ್ಲಿ ಒಂದೂ ಕೇಳುವುದಿಲ್ಲ.

ಯಾರೋ ಮರೆತು ಹೀಗಾದದ್ದಲ್ಲ. ನಮ್ಮಲ್ಲಿ ಶಿಶುಪಾಲನೆಯ ಕಾನೂನು ಹುಟ್ಟಿದ್ದೇ ಕಾರ್ಖಾನೆಯ ಗೇಟಿನೊಳಗೆ. ಅದು ಹುಡುಕಿದ್ದು ಮಾಲೀಕನನ್ನು, ಎಣಿಸಿದ್ದು ಅವನ ಕೈಕೆಳಗಿನ ಹೆಂಗಸರನ್ನು. ಗೇಟಿನ ಹೊರಗೆ ಮಗು ನೋಡಿಕೊಳ್ಳುವುದೇ ಒಂದು ವ್ಯಾಪಾರವಾದಾಗ ಆ ಲೆಕ್ಕ ಅಲ್ಲಿಗೆ ಹೊಂದಲಿಲ್ಲ.

ಮುಂಬಯಿಯ ಹತ್ತಿ ಗಿರಣಿಗಳ ಕಾಲಕ್ಕೆ ಹೋಗಬೇಕು. ಕೂಸನ್ನು ನೋಡಿಕೊಳ್ಳುವವರಿಲ್ಲದ ತಾಯಂದಿರು ಪಾಳಿಗೆ ಹೊರಡುವ ಮುಂಚೆ ಅದಕ್ಕೆ ಚೂರು ಅಫೀಮು ತಿನ್ನಿಸಿ ಮಲಗಿಸುತ್ತಿದ್ದರು. 1931ರಲ್ಲಿ ವರದಿ ಕೊಟ್ಟ ಕಾರ್ಮಿಕ ರಾಯಲ್ ಆಯೋಗ ಗಿರಣಿಗಳಲ್ಲಿ ಕೂಸಿನ ಕೋಣೆಗಳಿರಲಿ ಎಂದಿತು. 1934ರ ಕಾರ್ಖಾನೆ ಕಾಯ್ದೆ ಅದನ್ನು ಕಡ್ಡಾಯ ಮಾಡಲಿಲ್ಲ, ಬೇಕೆಂದರೆ ಪ್ರಾಂತ ಸರ್ಕಾರಗಳು ನಿಯಮ ಮಾಡಿಕೊಳ್ಳಲಿ ಎಂದು ಬಿಟ್ಟಿತು. ಕಡ್ಡಾಯವಾದದ್ದು 1948ರ ಕಾಯ್ದೆಯ 48ನೇ ಕಲಮಿನಿಂದ. 50ಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಾರ್ಖಾನೆಯಲ್ಲಿ 6 ವರ್ಷದೊಳಗಿನ ಮಕ್ಕಳಿಗೆ ಗಾಳಿ ಬೆಳಕಿನ ಕೋಣೆ, ಅದಕ್ಕೆ ತರಬೇತಾದ ಹೆಂಗಸಿನ ಉಸ್ತುವಾರಿ. 1976ರ ತಿದ್ದುಪಡಿ ಆ 50ನ್ನು 30ಕ್ಕೆ ಇಳಿಸಿತು.

ಆ ಕಲಮಿನ ಬೆನ್ನಿಗೆ ಬಂದ ಮಾದರಿ ನಿಯಮಗಳನ್ನು ಇವತ್ತು ಓದಿದರೆ ಅಚ್ಚರಿಯಾಗುತ್ತದೆ, ಅಷ್ಟು ಬಿಗಿ. ಒಂದು ಮಗುವಿಗೆ 20 ಚದರಡಿ ನೆಲ. ಒಳಗೋಡೆ ನಾಲ್ಕು ಅಡಿಯವರೆಗೆ ನೀರು ಹೀರದ, ತೊಳೆಯಲು ಬರುವ ನುಣುಪಿನದ್ದಾಗಿರಬೇಕು. ಮಗುವಿಗೊಂದು ತೊಟ್ಟಿಲು, ದಿನಕ್ಕೆ ಅರ್ಧ ಪಿಂಟು, ಅಂದರೆ ಕಾಲು ಲೀಟರಿಗೆ ತುಸು ಹೆಚ್ಚು, ಶುದ್ಧ ಹಾಲು. ತಾಯಿಗೆ ಹಾಲೂಡಲು ಕನಿಷ್ಠ 15 ನಿಮಿಷದ ಎರಡು ಬಿಡುವು. ಬರೆದವರಿಗೆ ಕೂಸುಗಳ ಒಡನಾಟ ಇತ್ತು ಅನ್ನಿಸುತ್ತದೆ. ನಾಲ್ಕು ಅಡಿಯ ಗೋಡೆಯ ಮಾತು ಮಕ್ಕಳ ಕೈ, ಬಾಯಿ ಎಲ್ಲಿಯವರೆಗೆ ಮುಟ್ಟುತ್ತದೆ ಎಂದು ಕಂಡವರೇ ಬರೆಯಬಲ್ಲದ್ದು.

ಆಮೇಲೆ ಬಂದ ಕಾಯ್ದೆಗಳೂ ಇದೇ ಜಾಡು ಹಿಡಿದವು. 1951ರ ತೋಟ ಕಾರ್ಮಿಕರ ಕಾಯ್ದೆಯಿಂದ ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳ ಲೈನ್ ಮನೆಗಳ ಹತ್ತಿರ ಕೂಸಿನ ಕೋಣೆ ಎದ್ದವು. ಅಲ್ಲಿ ಲೆಕ್ಕ 50 ಹೆಂಗಸರು, ಇಲ್ಲವೇ ಅವರ 20 ಮಕ್ಕಳು. ಮಕ್ಕಳ ತಲೆಯನ್ನೂ ಎಣಿಸಿದ ಅಪರೂಪದ ಕಾನೂನು ಇದು. ಗಣಿಗೆ ಬೇರೆ, ಬೀಡಿಗೆ ಬೇರೆ, 1996ರಲ್ಲಿ ಕಟ್ಟಡ ಕಾರ್ಮಿಕರಿಗೆ ಬೇರೆ. 2005ರ ಉದ್ಯೋಗ ಖಾತರಿ ಕಾಯ್ದೆಯಲ್ಲಿ, ಕೆಲಸದ ಜಾಗಕ್ಕೆ ಐದು ಚಿಕ್ಕ ಮಕ್ಕಳು ಬಂದರೆ ಕೂಲಿಗೆ ಬಂದ ಹೆಂಗಸರಲ್ಲೇ ಒಬ್ಬರನ್ನು ಅವರ ಕಾವಲಿಗೆ ಬಿಡಬೇಕೆಂದಾಯಿತು. ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ 2023ರಿಂದ ಶುರುವಾದ ‘ಕೂಸಿನ ಮನೆ’ಗಳ ಬೇರು ಇಲ್ಲಿದೆ.

ಹೆಂಗಸರ ಸಂಖ್ಯೆಗೆ ಗಂಟು ಹಾಕಿದ ಕಾನೂನಿಂದ ಎರಡು ಕೆಡುಕಾಯಿತು. ಮೂವತ್ತೊಂದನೆಯ ಹೆಂಗಸನ್ನು ಕೆಲಸಕ್ಕೆ ತೆಗೆದುಕೊಳ್ಳುವುದು ಮಾಲೀಕನ ಪಾಲಿಗೆ ಹೊಸ ಖರ್ಚಾಯಿತು. ಅದನ್ನು ಉಳಿಸಲು ಕೆಲಸಗಾರರನ್ನು ಗುತ್ತಿಗೆದಾರರ ಹೆಸರಲ್ಲಿ ಹಂಚಿ ತೋರಿಸುವ ದಾರಿ ತೆರೆಯಿತು. ಎರಡನೆಯದು, ತಪಾಸಣೆ ಬೇರೆ ಹತ್ತು ಕೆಲಸಗಳ ಬಾಲವಾಯಿತು. ಕಾರ್ಖಾನೆ, ಬಾಯ್ಲರುಗಳ ಇಲಾಖೆಯ ಅಧಿಕಾರಿ ಯಂತ್ರದ ಗಾರ್ಡು, ಬಾಯ್ಲರಿನ ಸರ್ಟಿಫಿಕೇಟು, ಓವರ್‌ಟೈಮ್ ಪುಸ್ತಕ ನೋಡಿ ಮುಗಿಸುವಷ್ಟರಲ್ಲಿ ಮಧ್ಯಾಹ್ನವಾಗಿರುತ್ತದೆ. ಕೂಸಿನ ಕೋಣೆಗೆ ಉಳಿಯುವುದು ಹತ್ತು ನಿಮಿಷ. ಕೋಣೆ ಇದೆಯೇ? ಇದೆ. ತೊಟ್ಟಿಲು? ಇವೆ. ರಿಜಿಸ್ಟರು? ಇದೆ. ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಐನೂರು ಹೆಂಗಸರಿದ್ದು ತೊಟ್ಟಿಲಲ್ಲಿ ಆರು ಮಕ್ಕಳಷ್ಟೇ ಇದ್ದರೆ ಅದೇಕೆ ಎಂಬುದು ಚೆಕ್‌ಲಿಸ್ಟಿನಲ್ಲಿಲ್ಲ. ಬೆಳಗಿನ ಜಾವ ತುಂಬಿದ ಬಸ್ಸಿನಲ್ಲೋ ಟೆಂಪೋದಲ್ಲೋ ಕೈಗೂಸನ್ನು ತರುವುದು ಸುಲಭವಲ್ಲ. ತಂದರೂ, ಗಂಟೆಗಿಷ್ಟು ಪೀಸು ಎಂದು ಲೆಕ್ಕ ಹಾಕುವ ಲೈನಿನಿಂದ 15 ನಿಮಿಷ ಎದ್ದು ಹೋಗಲು ಸೂಪರ್‌ವೈಸರ್ ಮುಖ ನೋಡಬೇಕು.

2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಈ ಲೆಕ್ಕವನ್ನು ಸ್ವಲ್ಪ ಸರಿಮಾಡಿತು. ಹೊಸ 11ಎ ಕಲಮು ಹೆಂಗಸರನ್ನಲ್ಲ, ಎಲ್ಲ ನೌಕರರನ್ನೂ ಎಣಿಸಿತು. 50 ಅಥವಾ ಹೆಚ್ಚು ಜನ ಇದ್ದರೆ ಕ್ರೆಷ್, ಅಂದರೆ ಕೂಸಿನ ಕೋಣೆ, ಬೇಕು, ತಾಯಿಗೆ ದಿನಕ್ಕೆ ನಾಲ್ಕು ಸಲ ಹೋಗಿಬರುವ ಹಕ್ಕು. ಐಟಿ ಕಂಪನಿಗಳು ಇದರ ವ್ಯಾಪ್ತಿಗೆ ಬಂದವು. ಅವುಗಳಲ್ಲಿ ಎಷ್ಟೋ ತಾವೇ ಕೋಣೆ ಕಟ್ಟುವ ಗೋಜಿಗೆ ಹೋಗದೆ ಹತ್ತಿರದ ಖಾಸಗಿ ಡೇಕೇರ್ ಜೊತೆ ಒಪ್ಪಂದ ಮಾಡಿಕೊಂಡವು. ಕಾನೂನಿನ ಹೊಣೆ ಕಂಪನಿಯ ಮೇಲೆ, ಮಗು ಇರುವುದು ಆನೆಮರಿಯ ಗೇಟಿನೊಳಗೆ. 2018ರ ನವೆಂಬರಿನಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ ಕನಿಷ್ಠ ಮಾರ್ಗಸೂಚಿ ಹೊರಡಿಸಿತು. ಕೆಲಸದ ಜಾಗದಿಂದ 500 ಮೀಟರ್ ಒಳಗೆ, ಮಗುವಿಗೆ 10ರಿಂದ 12 ಚದರಡಿ, 3 ವರ್ಷದೊಳಗಿನ 10 ಮಕ್ಕಳಿಗೆ ತರಬೇತಾದ ಒಬ್ಬರು, ದೊಡ್ಡವರಾದರೆ 20 ಮಕ್ಕಳಿಗೆ ಒಬ್ಬರು, ಜೊತೆಗೊಬ್ಬ ಸಹಾಯಕಿ. ಮಾರ್ಗಸೂಚಿ ಎಂದರೆ ಮಾರ್ಗಸೂಚಿಯೇ. ಮುರಿದರೆ ಬೀಗ ಹಾಕಬಲ್ಲ ಲೈಸೆನ್ಸ್ ಅದಕ್ಕೆ ಅಂಟಿಕೊಂಡಿಲ್ಲ.

ಚದರಡಿಯ ಈ ಅಂಕಿಯನ್ನು ಗಮನಿಸಿ. ಕಾರ್ಖಾನೆ ನಿಯಮದಲ್ಲಿ 20 ಇತ್ತು. ದುಡಿಯುವ ತಾಯಂದಿರ ಮಕ್ಕಳಿಗಾಗಿ 2006ರಲ್ಲಿ ಬಂದ ರಾಜೀವ್ ಗಾಂಧಿ ಶಿಶುಪಾಲನಾ ಯೋಜನೆಯ ಹೊತ್ತಿಗೆ 6ರಿಂದ 8ಕ್ಕೆ ಇಳಿದಿತ್ತು. ಆ ಯೋಜನೆಯ ಕೇಂದ್ರವೆಂದರೆ 25 ಮಕ್ಕಳು, ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ. ಹಳೆಯ ನಿಯಮದಂತೆ 25 ಮಕ್ಕಳಿಗೆ 500 ಚದರಡಿ ಬೇಕು. ಯೋಜನೆಯ ಪ್ರಕಾರ 150 ಸಾಕು, ಅಂದರೆ ನಮ್ಮಲ್ಲಿ ಸಾಮಾನ್ಯವಾಗಿ ಕಟ್ಟುವ ಒಂದು 10×15 ಕೋಣೆ. ಮಾಲೀಕ ದುಡ್ಡು ಕೊಡುವಾಗ 20, ಸರ್ಕಾರವೇ ಕೊಡುವಾಗ 6. ಈ ಯೋಜನೆ 2017ರಲ್ಲಿ ರಾಷ್ಟ್ರೀಯ ಕ್ರೆಷ್ ಯೋಜನೆ ಎಂದಾಯಿತು, 2022ರಲ್ಲಿ ಹೆಂಗಸರಿಗಾಗಿ ಇರುವ ಕೇಂದ್ರದ ‘ಮಿಷನ್ ಶಕ್ತಿ’ಯೊಳಗೆ ‘ಪಾಲನಾ’ ಆಗಿ ಅಂಗನವಾಡಿಗಳ ಜೊತೆ ಬೆಸೆದುಕೊಂಡಿತು.

ಖಾಸಗಿ ಕೇಂದ್ರಗಳ ಬಗ್ಗೆ ದೇಶ ಮಾತಾಡಿದ್ದು ಪ್ರತಿ ಸಲವೂ ಒಂದು ವಿಡಿಯೊ ಹೊರಬಂದಾಗ. 2016ರ ನವೆಂಬರಿನಲ್ಲಿ ನವಿ ಮುಂಬಯಿಯ ಖಾರ್ಘರ್‌ನಲ್ಲಿ ಆಯಾ ಒಬ್ಬಳು 10 ತಿಂಗಳ ಹೆಣ್ಣುಮಗುವನ್ನು ಹೊಡೆದು ಎಸೆದದ್ದು ಸಿಸಿಟಿವಿಯಲ್ಲಿ ಸಿಕ್ಕಿತು. 2025ರ ಆಗಸ್ಟಿನಲ್ಲಿ ನೋಯ್ಡಾದಲ್ಲಿ 15 ತಿಂಗಳ ಮಗು, ಮತ್ತೆ ಅದೇ ಕಥೆ. ಎರಡೂ ಕಡೆ ಕ್ಯಾಮೆರಾ ಇತ್ತು. ಮಗುವಿನ ಮೈಮೇಲೆ ಗಾಯ ಕಂಡ ಮೇಲೆಯೇ ಅದರಲ್ಲಿ ಏನಿದೆ ಎಂದು ನೋಡಿದ್ದು. ಆದರೂ ಪ್ರತಿ ಘಟನೆಯ ನಂತರ ಬರುವ ಮೊದಲ ಆಜ್ಞೆ ಕ್ಯಾಮೆರಾ ಹಾಕಿ ಎಂಬುದೇ. ಮಕ್ಕಳ ಹಕ್ಕುಗಳ ರಾಷ್ಟ್ರೀಯ ಆಯೋಗ ಖಾಸಗಿ ಪ್ಲೇ ಸ್ಕೂಲುಗಳಿಗೆಂದು ಮಾದರಿ ನಿಯಮ ಮಾಡಿತು. ಅದು 3ರಿಂದ 6 ವರ್ಷದವರಿಗೆ. ಬಾಯಿಬಾರದ, ಸಂಜೆ ಮನೆಗೆ ಹೋಗಿ ಹೇಳಲಾರದ 3 ವರ್ಷದೊಳಗಿನವರು ಅದರಾಚೆ ಉಳಿದರು. 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಮು ಇಂಥ ಸಂಸ್ಥೆಯ ಸಿಬ್ಬಂದಿಯ ಕ್ರೌರ್ಯಕ್ಕೆ 5 ವರ್ಷದವರೆಗೆ ಕಠಿಣ ಸಜೆ, 5 ಲಕ್ಷದವರೆಗೆ ದಂಡ ಹೇಳುತ್ತದೆ. ಅದು ಬರುವುದು ಏಟು ಬಿದ್ದ ಮೇಲೆ.

ಏಟಿಗಿಂತ ದೊಡ್ಡ ಅಪಾಯ ಬೆಂಕಿಯದು. 2004ರ ಜುಲೈ 16ರಂದು ಕುಂಭಕೋಣಂ ಶಾಲೆಯ ಅಡುಗೆಯ ಕಿಡಿ ತೆಂಗಿನ ಗರಿಯ ಚಾವಣಿಗೆ ಹತ್ತಿ 94 ಮಕ್ಕಳು ಸತ್ತರು. ಡೇಕೇರ್‌ಗೇ ಸಂಬಂಧಿಸಿದ ಪಾಠ ಮೆಕ್ಸಿಕೊದ ಎರ್ಮೊಸಿಯೊ ನಗರದ್ದು. 2009ರ ಜೂನ್ 5ರಂದು ಅಲ್ಲಿನ ಎಬಿಸಿ ಶಿಶುಕೇಂದ್ರದಲ್ಲಿ 49 ಮಕ್ಕಳು ತೀರಿಕೊಂಡರು. ಬೆಂಕಿ ಹುಟ್ಟಿದ್ದು ಕೇಂದ್ರದಲ್ಲಲ್ಲ, ಗೋಡೆಯಾಚೆಗಿನ ಸರ್ಕಾರಿ ಉಗ್ರಾಣದಲ್ಲಿ. ಚಾವಣಿಯ ಕೆಳಗೆ ಕಟ್ಟಿದ್ದ ಬಟ್ಟೆಯ ಪರದೆಯ ಮೇಲೆ ಹೊಗೆ ತುಂಬಿ, ಬೆಂಕಿ ಹತ್ತಿ ಸುರಿಯಿತು. ತುರ್ತು ಬಾಗಿಲು ತೆರೆಯಲಿಲ್ಲ. ಒಬ್ಬರು ಪಿಕಪ್ ವಾಹನ ಗುದ್ದಿ ಗೋಡೆ ಒಡೆದರು. ಕೆಲವೇ ದಿನಗಳ ಹಿಂದೆ ಕೇಂದ್ರ ತಪಾಸಣೆಯಲ್ಲಿ ಪಾಸಾಗಿತ್ತು. ತಪಾಸಣೆ ತನ್ನ ನಾಲ್ಕು ಗೋಡೆಯೊಳಗೇ ನಿಂತರೆ ಏನು ತಪ್ಪಿಹೋಗುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. 2011ರಲ್ಲಿ ಮೆಕ್ಸಿಕೊ ಶಿಶುಕೇಂದ್ರಗಳಿಗೆಂದೇ ಕಾಯ್ದೆ ಮಾಡಿತು. ಜನ ಅದನ್ನು ‘ಜೂನ್ 5ರ ಕಾಯ್ದೆ’ ಅನ್ನುತ್ತಾರೆ.

ಇಲ್ಲಿ ಮಾರ್ಗಸೂಚಿಯ ಹತ್ತಕ್ಕೊಬ್ಬರು ಎಂಬ ಅಂಕಿಗೆ ಮರಳಬೇಕು. ಇದನ್ನು ಪಾಲನೆಯ ಗುಣಮಟ್ಟದ ಅಂಕಿ ಎಂದೇ ಎಲ್ಲರೂ ಓದುತ್ತಾರೆ. ನಿಜವಾಗಿ ಇದು ಹೊರಗೆ ಓಡುವ ಲೆಕ್ಕ. ನಡೆಯಲು ಬಾರದ ಕೂಸುಗಳನ್ನು ಒಬ್ಬರು ಒಂದು ಸಲಕ್ಕೆ ಎರಡನ್ನು ಎತ್ತಿಕೊಳ್ಳಬಹುದು. ಹತ್ತು ಕೂಸು, ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ ಎಂದರೆ ಮೂರು ಸುತ್ತು. ಫೋಮ್ ಮ್ಯಾಟು, ಥರ್ಮಾಕೋಲು, ಪ್ಲಾಸ್ಟಿಕ್ ಆಟಿಕೆ ಹೊತ್ತಿಕೊಂಡ ಕೋಣೆಗೆ ಎರಡನೆಯ ಸುತ್ತಿಗೆ ಹೋಗಲಾಗುವುದಿಲ್ಲ. ಇಂಗ್ಲೆಂಡಿನಲ್ಲಿ 2 ವರ್ಷದೊಳಗಿನ ಮೂರು ಮಕ್ಕಳಿಗೆ ಒಬ್ಬರಿರಬೇಕು, ಅದಿಲ್ಲದೆ ಅಲ್ಲಿನ ತಪಾಸಣಾ ಸಂಸ್ಥೆ ಆಫ್‌ಸ್ಟೆಡ್ ಕೊಟ್ಟ ನೋಂದಣಿ ಉಳಿಯದು. ನಮ್ಮಲ್ಲಿ ಅಷ್ಟು ಜನರನ್ನು ಇಡಲಾಗದಿದ್ದರೆ ಗಾಲಿಯ ತೊಟ್ಟಿಲಾದರೂ ಬೇಕು. ನಾಲ್ಕೈದು ಕೂಸುಗಳನ್ನು ಹಾಕಿ ಒಂದೇ ಸಲಕ್ಕೆ ತಳ್ಳಿಕೊಂಡು ಹೋಗುವಂಥದ್ದು. ಹಾಗೆ ತರಿಸಿದವರೂ ಮರೆಯುವುದು ನಮ್ಮ ಮನೆಗಳ ಹೊಸ್ತಿಲನ್ನು. ಗಾಲಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಮನೆಯನ್ನು ಕೇಂದ್ರ ಮಾಡುವಾಗ ಹೊಸ್ತಿಲಿಗೆ ಇಳಿಜಾರು ಹಾಕಿಸಿ, ತೊಟ್ಟಿಲನ್ನು ಕೊಳ್ಳುವ ಮುಂಚೆ ಬಾಗಿಲ ಅಗಲ ಅಳೆಯಬೇಕು.

ಬೆಂಗಳೂರಿನ ಮನೆಗಳಲ್ಲಿ ಕಿಟಕಿಗೆ ಬೆಸುಗೆ ಹಾಕಿದ ಗ್ರಿಲ್ ಇರುತ್ತದೆ. ಮಲಗುವ ಕೋಣೆಯ ಒಂದು ಗ್ರಿಲ್ಲಾದರೂ ಒಳಗಿನಿಂದ, ಬೀಗದ ಕೈ ಹುಡುಕದೆ ತೆರೆಯುವಂತಿರಬೇಕು. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ನೆಲ ಹಿಡಿದು ಹರಿದು ಮಕ್ಕಳು ಮಲಗುವ ಎತ್ತರದಲ್ಲೇ ನಿಲ್ಲುತ್ತದೆ. ಸಿಲಿಂಡರ್ ಮನೆಯ ಹೊರಗಿರಲಿ, ಸೋರಿಕೆ ಪತ್ತೆಯಂತ್ರ ಇಡುವುದಾದರೆ ಹೊಗೆಯ ಯಂತ್ರದಂತೆ ಚಾವಣಿಗಲ್ಲ, ನೆಲದಿಂದ ಒಂದಡಿಯೊಳಗೆ ಇರಲಿ. ಸ್ವಿಚ್‌ಬೋರ್ಡಿನ ಹಿಂದೆ 30 ಮಿಲಿಆಂಪಿಯರ್ ಕರೆಂಟು ಸೋರಿದರೆ ತಾನೇ ಆಫ್ ಆಗುವ ಸ್ವಿಚ್ಚು, ಆರ್‌ಸಿಸಿಬಿ, ಇದೆಯೇ ಎಂದು ಟೆಸ್ಟ್ ಗುಂಡಿ ಒತ್ತಿಯೇ ನೋಡಬೇಕು. ಎಷ್ಟೋ ಮನೆಗಳಲ್ಲಿ ಇರುವುದು ಕರೆಂಟು ಮಿತಿಮೀರಿ ಹರಿದಾಗ ಮಾತ್ರ ಆಫ್ ಆಗುವ ಎಂಸಿಬಿ, ಅದು ವೈರನ್ನು ಕಾಯುತ್ತದೆಯೇ ಹೊರತು ಮಗುವಿನ ಬೆರಳನ್ನಲ್ಲ. ಸಂಪಿನ ಮುಚ್ಚಳಕ್ಕೆ ಬೀಗ. ಬಚ್ಚಲಲ್ಲಿ ನೀರು ತುಂಬಿಟ್ಟ ಬಕೆಟ್ ಇರಕೂಡದು. ತಲೆ ಭಾರದ ಮಗು ಬಗ್ಗಿ ಬಿದ್ದರೆ ಗೇಣುದ್ದ ನೀರೂ ಸಾಕು.

ಔಷಧದ ಕಪಾಟಿನಲ್ಲೊಂದು ಅಪಾಯವಿದೆ, ಅದು ತಪಾಸಣೆಗೆ ಕಾಣುವುದೇ ಇಲ್ಲ. ಪ್ಯಾರಸಿಟಮಾಲ್ ಡ್ರಾಪ್ಸ್ ಮತ್ತು ಸಿರಪ್ ಬೇರೆ ಬೇರೆ ಸಾಂದ್ರತೆಯವು. ಸಾಮಾನ್ಯ ಡ್ರಾಪ್ಸ್‌ನಲ್ಲಿ 1 ಮಿಲಿಗೆ 100 ಮಿಲಿಗ್ರಾಂ, ಸಿರಪ್ಪಿನಲ್ಲಿ 5 ಮಿಲಿಗೆ 120 ಅಥವಾ 125. ಸಿರಪ್ಪಿನ ಅಭ್ಯಾಸದಲ್ಲಿ ಡ್ರಾಪ್ಸನ್ನೇ 5 ಮಿಲಿ ಕುಡಿಸಿದರೆ 500 ಮಿಲಿಗ್ರಾಂ ಹೋಯಿತು. 8 ಕಿಲೊ ಕೂಸಿಗೆ ಒಂದು ಸಲಕ್ಕೆ ಕೊಡುವುದು 120ರ ಒಳಗೆ. ಹೆಸರು, ಹೊತ್ತು, ಎಷ್ಟು ಮಿಲಿ ಎಂದು ತಂದೆ ತಾಯಿ ಬರೆದು ಸಹಿ ಹಾಕದ ಯಾವ ಬಾಟಲಿಯನ್ನೂ ಮುಟ್ಟಬಾರದು. ಊಟದ ವಿಷಯದಲ್ಲಿ ಇಡೀ ಕಡಲೆಕಾಯಿ ಬೀಜ, ಇಡೀ ದ್ರಾಕ್ಷಿ ಈ ವಯಸ್ಸಿಗೆ ಬೇಡ.

2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಹಳೆಯ ಕಾಯ್ದೆಗಳಲ್ಲಿ ಚದುರಿದ್ದ ಕ್ರೆಷ್ ಕಲಮುಗಳು 50 ನೌಕರರ ಒಂದೇ ಗೆರೆಗೆ ಬಂದವು. ಹೆಂಗಸರನ್ನು ಮಾತ್ರ ಎಣಿಸುವುದು ತಪ್ಪಿತು. ಅದೇ ಹೊತ್ತಿಗೆ 31 ಹೆಂಗಸರಿರುವ 45 ಜನರ ಕಾರ್ಖಾನೆ ಲೆಕ್ಕದಿಂದ ಹೊರಗೆ ಬಿತ್ತು. ಇನ್‌ಸ್ಪೆಕ್ಟರ್ ಹೆಸರು ‘ಇನ್‌ಸ್ಪೆಕ್ಟರ್ ಕಮ್ ಫೆಸಿಲಿಟೇಟರ್’ ಎಂದಾಗಿ, ಎಲ್ಲಿಗೆ ಹೋಗಬೇಕೆಂದು ಕಂಪ್ಯೂಟರ್ ಆರಿಸಿ ಕಳಿಸುವ ಪದ್ಧತಿ ಕಾನೂನಿನಲ್ಲೇ ಸೇರಿದೆ. ಲಂಚಕ್ಕೆ ಕಡಿವಾಣ ಎಂಬ ವಾದ ಒಪ್ಪತಕ್ಕದ್ದೇ. ಆದರೆ ಆ ಕಂಪ್ಯೂಟರಿನ ಪಟ್ಟಿಯಲ್ಲಿರುವುದು ಕಂಪನಿಗಳು. ನಾಲ್ಕು ಆಯಾಗಳ, ಇಪ್ಪತ್ತೈದು ಮಕ್ಕಳ ಬಡಾವಣೆಯ ಡೇಕೇರ್ 50ರ ಗೆರೆಯನ್ನು ಮುಟ್ಟುವುದೇ ಇಲ್ಲ.

ಹಾಗಾಗಿ ಸದ್ಯಕ್ಕೆ ತಪಾಸಣೆ ಮಾಡುವವರು ತಂದೆ ತಾಯಿಯರೇ, ಅಥವಾ ಒಪ್ಪಂದಕ್ಕೆ ಸಹಿ ಹಾಕುವ ಮುಂಚೆ ಕಂಪನಿಯ ಎಚ್‌ಆರ್. ಅವರು ಸಾಮಾನ್ಯವಾಗಿ ಹೋಗುವುದು ಬೆಳಗ್ಗೆ ಹನ್ನೊಂದಕ್ಕೆ, ಮಕ್ಕಳು ಹಾಡುವಾಗ, ಎಲ್ಲ ಸಿಬ್ಬಂದಿಯೂ ಎದುರಿಗಿರುವಾಗ. ಹೋಗಬೇಕಾದ್ದು ಮಧ್ಯಾಹ್ನ ಒಂದೂವರೆಗೆ. ಮಕ್ಕಳು ಮಲಗಿರುತ್ತವೆ, ಆಯಾಗಳು ಸರದಿಯಲ್ಲಿ ಊಟಕ್ಕೆ ಕೂತಿರುತ್ತಾರೆ. ಆಗ ಮಲಗುವ ಕೋಣೆಯೊಳಗೆ ಎಚ್ಚರವಾಗಿ ಎಷ್ಟು ಜನ ಇದ್ದಾರೆ, ಕೂಸುಗಳು ಅಂಗಾತ ಮಲಗಿವೆಯೋ ಬೋರಲೋ, ಮುಖದ ಹತ್ತಿರ ದಿಂಬು ಕಂಬಳಿ ಇದೆಯೋ, ಜೋಳಿಗೆಯಲ್ಲಿ ಮಲಗಿಸಿದ ಕೂಸಿನ ಗದ್ದ ಎದೆಗೆ ಒತ್ತಿದೆಯೋ ನೋಡಿ, ಹಾಜರಿ ಪುಸ್ತಕ ತೆರೆಸಿ ತಲೆ ಎಣಿಸಿ. ಪುಸ್ತಕದ ಅಂಕಿಗೂ ಕೋಣೆಯ ಅಂಕಿಗೂ ತಾಳೆಯಾಗದಿದ್ದರೆ ಉಳಿದ ಮಗು ಎಲ್ಲಿ ಎಂದು ಕೇಳಿ. ಉತ್ತರ ಬರಲು ಎಷ್ಟು ಹೊತ್ತಾಗುತ್ತದೆ ಎಂಬುದನ್ನು ಗಡಿಯಾರ ನೋಡಿ ಬರೆದುಕೊಳ್ಳಿ.