ಮೋಶೆ ಮಾಡಿಸಿದ ಹಾವನ್ನು ಅರಸ ಒಡೆಸಿದ್ದೇಕೆ?

ವಿಗ್ರಹಾರಾಧನೆ ಬಗ್ಗೆ ಬೈಬಲ್ ಏನು ಹೇಳುತ್ತದೆ ಅಂತ ಕೇಳಿದರೆ ಎಲ್ಲರೂ ಹತ್ತು ಆಜ್ಞೆಗಳತ್ತ ಕೈ ತೋರಿಸುತ್ತಾರೆ. ನನಗೆ ಮೊದಲು ನೆನಪಾಗುವುದು ಒಂದು ತಾಮ್ರದ ಹಾವು.

ಕಥೆ ಬೈಬಲ್ಲಿನ ಅರಣ್ಯಕಾಂಡ ಅನ್ನುವ ಪುಸ್ತಕದ 21ನೇ ಅಧ್ಯಾಯದಲ್ಲಿದೆ (ರಾಮಾಯಣದ್ದಲ್ಲ). ಐಗುಪ್ತದಿಂದ, ಅಂದರೆ ಈಜಿಪ್ಟಿನಿಂದ, ಮೋಶೆ ಬಿಡಿಸಿ ತಂದ ಇಸ್ರಾಯೇಲ್ ಜನರನ್ನು ಮರುಭೂಮಿಯಲ್ಲಿ ವಿಷದ ಹಾವುಗಳು ಕಚ್ಚುತ್ತಿದ್ದವು. ದೇವರೇ ಹೇಳಿದ್ದಕ್ಕೆ ಮೋಶೆ ತಾಮ್ರದ ಹಾವು ಮಾಡಿಸಿ ಕಂಬಕ್ಕೆ ಏರಿಸಿದ. ಅದನ್ನು ನೋಡಿದವರು ಬದುಕಿಕೊಂಡರು. ಎಷ್ಟೋ ತಲೆಮಾರು ಕಳೆಯಿತು. ಜನ ಆ ಹಾವಿಗೇ ಧೂಪ ಹಾಕತೊಡಗಿದರು. ಕ್ರಿ.ಪೂ. 8ನೇ ಶತಮಾನದ ಕೊನೆಯ ಹೊತ್ತಿಗೆ ಯೆಹೂದದ ಅರಸ ಹಿಜ್ಕೀಯ ಅದನ್ನು ಚೂರು ಚೂರು ಮಾಡಿಸಿದ. ಮಾಡಿಸಿದ್ದು ಮೋಶೆ ಅನ್ನುವ ಮುಲಾಜೂ ಇಟ್ಟುಕೊಳ್ಳಲಿಲ್ಲ.

ಅಂದರೆ ಜಗಳ ಹೊರಗಿನವರ ಜೊತೆಗಿಂತ ಜಾಸ್ತಿ ಮನೆಯೊಳಗೇ ನಡೆದಿತ್ತು. ಮೊದಲ ಆಜ್ಞೆಯನ್ನೇ ನೋಡಿ. ನಾನಲ್ಲದೆ ನಿನಗೆ ಬೇರೆ ದೇವರುಗಳು ಇರಬಾರದು ಅನ್ನುತ್ತದೆ. ಬೇರೆ ದೇವರುಗಳೇ ಇಲ್ಲ ಅಂತ ಅಲ್ಲಿ ಹೇಳಿಲ್ಲ, ಅಲ್ವಾ? ಅವರ ಸಹವಾಸ ಬೇಡ ಅಂತ ಅಷ್ಟೇ. (ವಿಗ್ರಹ ಮಾಡಬೇಡ ಅನ್ನುವ ಮಾತನ್ನು ಕಥೋಲಿಕರು ಮೊದಲ ಆಜ್ಞೆಯೊಳಗೇ ಸೇರಿಸುತ್ತಾರೆ. ಹೆಚ್ಚಿನ ಪ್ರೊಟೆಸ್ಟೆಂಟರು ಅದನ್ನು ಎರಡನೆಯದಾಗಿ ಎಣಿಸುತ್ತಾರೆ. ಮಂಗಳೂರಿನ ಎರಡು ಚರ್ಚುಗಳಲ್ಲಿ ಮಕ್ಕಳು ಬೇರೆ ಬೇರೆ ಲೆಕ್ಕ ಒಪ್ಪಿಸುವುದು ಇದಕ್ಕೇ.)

ಹಿಜ್ಕೀಯನಿಗೂ ಮುಂಚೆ, ಅರಸ ಸೊಲೊಮೋನ ಸತ್ತ ಮೇಲೆ, ಕ್ರಿ.ಪೂ. 930ರ ಸುಮಾರಿಗೆ, ಇಸ್ರಾಯೇಲರ ರಾಜ್ಯ ಎರಡಾಯಿತು. ಉತ್ತರದ್ದು ಇಸ್ರಾಯೇಲ್, ದಕ್ಷಿಣದ್ದು ಯೆರೂಸಲೇಮ್ ರಾಜಧಾನಿಯಾಗಿದ್ದ ಯೆಹೂದ. ಉತ್ತರದ ಅರಸ ಯಾರೊಬ್ಬಾಮನಿಗೆ ಒಂದು ಚಿಂತೆ. ತನ್ನ ಜನ ಪೂಜೆಗೆ ಯೆರೂಸಲೇಮಿಗೆ ಹೋಗುತ್ತಿದ್ದರೆ ಮನಸ್ಸೂ ಅಲ್ಲೇ ನಿಂತರೆ? ಬೇತೇಲಿನಲ್ಲಿ ಒಂದು, ದಾನ್‌ನಲ್ಲಿ ಒಂದು ಬಂಗಾರದ ಕರು ನಿಲ್ಲಿಸಿದ. ನಿಮ್ಮನ್ನು ಐಗುಪ್ತದಿಂದ ಬಿಡಿಸಿ ತಂದ ದೇವರು ಇದೇ ಅಂದ. ಸುಮ್ನೆ ಭಕ್ತಿ ಅಲ್ಲ, ರಾಜಕೀಯ.

ಮಣ್ಣಿನಡಿಯಿಂದಲೂ ಸಾಕ್ಷಿ ಸಿಕ್ಕಿದೆ. ಸಿನಾಯ್ ಮರುಭೂಮಿಯ ಕುಂತಿಲ್ಲೆತ್ ಅಜ್ರೂದ್‌ನಲ್ಲಿ 1975-76ರಲ್ಲಿ ಅಗೆದಾಗ ದೊಡ್ಡ ಮಣ್ಣಿನ ಹರವಿಗಳು ಸಿಕ್ಕವು. ಅವು ಕ್ರಿ.ಪೂ. 800ರ ಆಸುಪಾಸಿನವು. ಒಂದರ ಮೇಲೆ ‘ಸಮಾರ್ಯದ ಯೆಹೋವ ಮತ್ತು ಅವನ ಅಶೇರ’ ಹೆಸರಿನಲ್ಲಿ ಹಾರೈಕೆ ಬರೆದಿದೆ. ಯೆಹೋವ ಅಂದರೆ ಇಸ್ರಾಯೇಲರ ದೇವರ ಹೆಸರು, ಸಮಾರ್ಯ ಉತ್ತರ ರಾಜ್ಯದ ರಾಜಧಾನಿ. ಅಶೇರ ಅಂದರೆ ಇಲ್ಲಿ ದೇವಿಯೋ, ಪೂಜೆಯ ಕಂಬವೋ? ಪಂಡಿತರು ಇನ್ನೂ ಕಿತ್ತಾಡುತ್ತಿದ್ದಾರೆ. ಯಾವುದಾದರೂ ಆಗಲಿ, ಯೆಹೋವನ ಪಕ್ಕ ಇನ್ನೊಂದು ಹೆಸರಿತ್ತು. ಯೆರೂಸಲೇಮಿನ ದೇವಾಲಯದೊಳಗೇ ಅಶೇರ ಇತ್ತು ಅಂತ ಬೈಬಲ್ಲೇ ಒಪ್ಪುತ್ತದೆ. ಕ್ರಿ.ಪೂ. 622ರ ಸುಮಾರಿಗೆ ಅರಸ ಯೋಷೀಯ ಅದನ್ನು ಹೊರಗೆ ತೆಗೆಸಿ ಕಿದ್ರೋನ್ ಹಳ್ಳದಲ್ಲಿ ಸುಡಿಸಿದ.

ಕ್ರಿ.ಪೂ. 586ರ ಹೊತ್ತಿಗೆ ಬಾಬೆಲಿನವರು (ಬ್ಯಾಬಿಲೋನಿನವರು) ಯೆಹೂದವನ್ನು ಸೋಲಿಸಿ ಆ ದೇವಾಲಯವನ್ನೂ ಸುಟ್ಟರು. ಗೆದ್ದವನ ದೇವರೇ ದೊಡ್ಡವನು ಅನ್ನುವ ಕಾಲ ಅದು. ಸೋತವರು ಉಲ್ಟಾ ಮಾತಾಡಿದರು. ನಾನೇ ದೇವರು, ಇನ್ನೊಬ್ಬನಿಲ್ಲ ಅನ್ನುವ ಖಡಾಖಂಡಿತ ಮಾತು ಪ್ರವಾದಿ ಯೆಶಾಯನ ಪುಸ್ತಕದ 45ನೇ ಅಧ್ಯಾಯದಲ್ಲಿ ಬರುತ್ತದೆ. ಅದರ ಹಿಂದಿನ ಅಧ್ಯಾಯ ನನಗೆ ಇನ್ನೂ ಇಷ್ಟ. ಒಬ್ಬ ಮರ ಕಡಿಯುತ್ತಾನೆ. ಅರ್ಧ ಒಲೆಗೆ ಹಾಕಿ ರೊಟ್ಟಿ ಸುಡುತ್ತಾನೆ, ಚಳಿ ಕಾಯಿಸುತ್ತಾನೆ. ಉಳಿದರ್ಧ ಕೆತ್ತಿ, ಕಾಪಾಡಪ್ಪಾ ಅಂತ ಅಡ್ಡಬೀಳುತ್ತಾನೆ. ಇದು ಒಳ್ಳೆಯ ವ್ಯಂಗ್ಯ. ಆದರೆ ಪೂಜಿಸುವವನನ್ನು ಕೇಳಿದರೆ ನಾನು ಮರಕ್ಕೆ ಕೈ ಮುಗಿಯುತ್ತಿಲ್ಲ ಅಂದಾನು. ಆ ಉತ್ತರಕ್ಕೆ ಯೆಶಾಯ ಜಾಗವನ್ನೇ ಕೊಡುವುದಿಲ್ಲ.

ಅಲ್ಲಿಗೂ ಎಲ್ಲರೂ ಒಪ್ಪಿಬಿಟ್ಟರು ಅಂತಲ್ಲ. ಕ್ರಿ.ಪೂ. 400ರ ಹೊತ್ತಿಗೆ ನೈಲ್ ನದಿಯ ಎಲಿಫಂಟೈನ್ ದ್ವೀಪದ ಯೆಹೂದಿಗಳು ದೇವರಿಗೆ ಕೊಟ್ಟ ಕಾಣಿಕೆ ಹಣದ ಪಟ್ಟಿ ಉಳಿದಿದೆ. ಅದರಲ್ಲಿ ಯೆಹೋವನ ಜೊತೆ ಅನಾತ್-ಬೇತೇಲ್ ಅನ್ನುವ ದೇವಿಗೂ ಪಾಲಿದೆ.

ಇನ್ನು ಆ ಹಾವು? ಇಟಲಿಯ ಮಿಲಾನ್‌ನಲ್ಲಿ ಸಂತ ಅಂಬ್ರೋಸನ ಹಳೆಯ ಚರ್ಚಿದೆ. ಅದರೊಳಗೆ ಕಂಬದ ಮೇಲೆ ಒಂದು ಕಂಚಿನ ಹಾವು ಕೂತಿದೆ. ಸುಮಾರು 1000 ವರ್ಷದ ಹಿಂದೆ ಕಾನ್‌ಸ್ಟಾಂಟಿನೋಪಲ್‌ನಿಂದ ಬಂದದ್ದು. ಮೋಶೆ ಮಾಡಿಸಿದ್ದು ಇದೇ ಅಂತ ಜನ ನಂಬಿಕೊಂಡು ಬಂದಿದ್ದಾರೆ.